ಏನಂದ್ನೋ ತಮ್ಮಾ ಅಂವ?

ನಮ್ಮ ಕಡೆ ಟಿವಿಯ ಇತಿಹಾಸ ಬರೆಯೋಕೆ ಕೂತ್ರೆ ಮೊದಲನೇ ಸಾಲು ಸೆಟ್ಟಿನ ಬಗ್ಗೆ ಅಲ್ಲ, ಮಾಳಿಗೆ ಮೇಲಿನ ಅಂಟೆನಾ ಬಗ್ಗೆನೂ ಅಲ್ಲ. ಮೊದಲನೇ ಸಾಲು ಒಂದು ಪ್ರಶ್ನೆ. "ಏನಂದ್ನೋ ತಮ್ಮಾ ಅಂವ?"

ಎಂಬತ್ತರ ದಶಕದಲ್ಲಿ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರಿನ ಯಾವ ಮನೆಯ ಟಿವಿ ಮುಂದೆ ಕೂತಿದ್ರೂ ಈ ಪ್ರಶ್ನೆ ನಿಮ್ಮ ಕಿವಿಗೆ ಬಿದ್ದಿರುತ್ತೆ. ಕೇಳೋರು ಆಯಿ, ಇಲ್ಲಾ ಅವ್ವ. ಉತ್ತರ ಕೊಡೋನು ಶಾಲೆಯಲ್ಲಿ ಹಿಂದಿ ಪುಸ್ತಕ ಹಿಡಿದಿದ್ದ ಮನೆಯ ಹುಡುಗ. ನಮ್ಮ ಮನೆಯಲ್ಲಿ ಆ ಕೆಲಸ ನಂದು. ನಾನು ಹುಟ್ಟಿ ಬೆಳೆದದ್ದು ಬ್ಯಾಡಗಿ, ಕಾಕಾನ ಮನೆ ರಾಣೆಬೆನ್ನೂರು, ಕಾಲೇಜು ಹಾವೇರಿ. ಹುಬ್ಬಳ್ಳಿ-ಬೆಂಗಳೂರು ರೈಲು ಹಳಿ ಮೇಲೆ ಒಂದರ ಹಿಂದೊಂದು ಬರೋ ಮೂರು ಊರು. ಆಗ ಮೂರೂ ಧಾರವಾಡ ಜಿಲ್ಲೆಯಲ್ಲೇ ಇದ್ದವು. ಹಾವೇರಿ ಜಿಲ್ಲೆ ಆಗಿದ್ದು 1997ರ ಆಗಸ್ಟ್ 24ಕ್ಕೆ.

ಈ ಮೂರು ಊರಿನ ಮನೆಗಳಲ್ಲಿ ಕೂತು ನೋಡಿದ ಕಂತುಗಳ ಬಗ್ಗೆ, ಆಗ ನಮಗೆ ಏನನ್ನಿಸಿತು ಅನ್ನೋದರ ಬಗ್ಗೆ ಬರೀಬೇಕು ಅಂತ ಬಹಳ ದಿನದಿಂದ ಇತ್ತು. ಬರೀತಾ ಹೋದಂಗೆ ಗೊತ್ತಾಯ್ತು, ಇದು ಧಾರಾವಾಹಿಗಳ ಕಥೆಗಿಂತ ಹೆಚ್ಚಾಗಿ ಭಾಷೆಯ ಕಥೆ.

ಒಂದು ತಮಾಷೆಯ ಸಂಗತಿ ನೋಡಿ. ಕರ್ನಾಟಕದ ಹಳ್ಳಿಗೆ ಟಿವಿ ಮೊದಲು ಬಂದಾಗ ಅದು ಕನ್ನಡ ಮಾತಾಡ್ತಿತ್ತು! 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ 'ಸೈಟ್' ಅನ್ನೋ ಪ್ರಯೋಗ ಅದು. ಅಮೆರಿಕದ ಎಟಿಎಸ್-6 ಉಪಗ್ರಹ ಬಳಸಿ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿವಿ ತಲುಪಿಸಿದ್ರು. ನಮ್ಮ ರಾಜ್ಯದಲ್ಲಿ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಯ ಹಳ್ಳಿಗಳು. ಬೇಸಾಯ, ಆರೋಗ್ಯ, ಮಕ್ಕಳ ಪಾಠ, ಎಲ್ಲಾ ಆಯಾ ಭಾಷೆಯಲ್ಲಿ. ಅಂದ್ರೆ ಬೆಂಗಳೂರಲ್ಲಿ ದೂರದರ್ಶನ ಕೇಂದ್ರ ಶುರುವಾಗೋಕೂ (1981ರ ನವೆಂಬರ್ 1) ಆರು ವರ್ಷ ಮೊದಲೇ ರಾಯಚೂರಿನ ಹಳ್ಳಿಯ ರೈತ ಪಂಚಾಯ್ತಿ ಕಟ್ಟೆ ಮೇಲೆ ಕೂತು ಕನ್ನಡ ಟಿವಿ ನೋಡಿದ್ದ. ನಾವು ಧಾರವಾಡ ಜಿಲ್ಲೆಯವರು ಆ ಪಟ್ಟಿಯಲ್ಲಿ ಇರಲಿಲ್ಲ.

ನಮಗೆ ಟಿವಿ ಬಂದಿದ್ದು ಇನ್ನೊಂದು ದಾರಿಯಲ್ಲಿ. 1982ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯ್ತು, ಏಷ್ಯನ್ ಗೇಮ್ಸ್ ನೆಪದಲ್ಲಿ ಬಣ್ಣ ಬಂತು. 1983ರಲ್ಲಿ ಇನ್ಸಾಟ್-1ಬಿ ಮೇಲಕ್ಕೆ ಹೋಯ್ತು. ಅದಾದ ಎರಡು ವರ್ಷದಲ್ಲಿ ದೇಶದ ತುಂಬ ಸಣ್ಣ ಸಣ್ಣ ಟ್ರಾನ್ಸ್‌ಮಿಟರ್ ಎದ್ದವು. ಅವುಗಳ ಕೆಲಸ ಮುಖ್ಯವಾಗಿ ಒಂದೇ, ದೆಹಲಿಯಿಂದ ಬಂದಿದ್ದನ್ನ ಹಾಗೇ ದಾಟಿಸೋದು. ಬೆಂಗಳೂರಿನಲ್ಲಿ ತಯಾರಾದ ಕನ್ನಡ ಕಾರ್ಯಕ್ರಮಕ್ಕಿಂತ ದೆಹಲಿಯ ಹಿಂದಿ ಕಾರ್ಯಕ್ರಮ ಸಣ್ಣ ಊರುಗಳಿಗೆ ಹತ್ತಿರವಾಗಿತ್ತು. ಆಯಿಯ ಪ್ರಶ್ನೆ ಹುಟ್ಟಿದ್ದೇ ಇಲ್ಲಿ.

* * *

ಮೊದಲು 'ಹಮ್ ಲೋಗ್'. 1984ರ ಜುಲೈನಿಂದ 1985ರ ಡಿಸೆಂಬರ್‌ವರೆಗೆ. ಆಗಿನ ವಾರ್ತಾ ಮಂತ್ರಿ ವಸಂತ ಸಾಠೆ ಮೆಕ್ಸಿಕೋಗೆ ಹೋದಾಗ ಅಲ್ಲಿನ ಧಾರಾವಾಹಿಗಳ ಬಗ್ಗೆ ತಿಳ್ಕೊಂಡು ಬಂದು, ಇಲ್ಲೂ ಹಂಗೆ ಮಾಡಿ ಜನಕ್ಕೆ ಬುದ್ಧಿ ಹೇಳಬಹುದು ಅಂತ ಶುರು ಮಾಡಿಸಿದ್ದು. ಬರೆದವರು ಮನೋಹರ ಶ್ಯಾಮ ಜೋಶಿ. ಕಂತಿನ ಕೊನೆಗೆ ಅಶೋಕ್ ಕುಮಾರ್ ಬಂದು ಪದ್ಯ ಹೇಳಿ, ನಕ್ಕು, ಉಪದೇಶ ಮಾಡಿ ಹೋಗ್ತಿದ್ರು. ನಮ್ಮ ಮನೆಯಲ್ಲಿ ಆ ಉಪದೇಶದ ಒಂದಕ್ಷರ ಯಾರಿಗೂ ತಿಳೀತಿರಲಿಲ್ಲ. ಆದ್ರೆ ಕುಡುಕ ಅಪ್ಪ ಬಸೇಸರ್ ರಾಮ್ ಮಾತ್ರ ಮೊದಲನೇ ವಾರವೇ ಎಲ್ಲರಿಗೂ ಅರ್ಥ ಆಗಿದ್ದ. ಕುಡುಕ ಅಪ್ಪನಿಗೆ ಅನುವಾದ ಬೇಕಾಗಲ್ಲ. ಓಣಿಯಲ್ಲಿ ಯಾರಾದ್ರೂ ತೂರಾಡ್ಕೊಂಡು ಬಂದ್ರೆ "ಬಂದ್ ನೋಡ್ರಿ ಬಸೇಸರ" ಅನ್ನೋದು ವಾಡಿಕೆ ಆಗಿತ್ತು. ಬಸವೇಶ್ವರನನ್ನ ಬಸ್ಯಾ ಅಂತ ಕರೆಯೋ ಊರಲ್ಲಿ ಆ ಹೆಸರು ಸಲೀಸಾಗಿ ಹೊಂದಿಕೊಂಡಿತ್ತು :-)

ಆಮೇಲೆ 1987ರ ಜನವರಿ 25ಕ್ಕೆ 'ರಾಮಾಯಣ'. ಭಾನುವಾರ ಬೆಳಿಗ್ಗೆ. ಟಿವಿಗೆ ಹಾರ ಹಾಕಿದ್ದು, ಊದಿನಕಡ್ಡಿ ಹಚ್ಚಿದ್ದು, ರಸ್ತೆ ಖಾಲಿ ಆಗಿದ್ದು ಎಲ್ಲಾ ಕಡೆ ನಡೆದದ್ದೇ, ಅದನ್ನ ನೀವೂ ಕಂಡಿದ್ದೀರಿ. ನಾನು ಹೇಳಬೇಕಾಗಿರೋದು ಬೇರೆ. ರಾಮಾಯಣ ಬಂದಾಗ "ಏನಂದ್ನೋ" ಪ್ರಶ್ನೆ ನಿಂತೇ ಹೋಯ್ತು! ಯಾಕಂದ್ರೆ ಏನಂತಾನೆ ಅನ್ನೋದು ಆಯಿಗೆ ಮೊದಲೇ ಗೊತ್ತು. ಈಗ ಅನುವಾದ ಉಲ್ಟಾ ಶುರುವಾಯ್ತು. ಟಿವಿಯಲ್ಲಿ ಕೈಕೇಯಿ ಬಾಯಿ ತೆಗೆಯೋದಕ್ಕಿಂತ ಮುಂಚೆ ಆಯಿ ಕನ್ನಡದಲ್ಲಿ ಅದನ್ನ ಹೇಳಿಬಿಡ್ತಿದ್ದಳು. ಕಿಷ್ಕಿಂಧೆಯ ಕಂತು ಬಂದಾಗ ಮನೆಯಲ್ಲಿ ದೊಡ್ಡ ತಕರಾರು. ನಮಗೆ ಕಿಷ್ಕಿಂಧೆ ಅಂದ್ರೆ ಹಂಪಿ, ಆನೆಗೊಂದಿ, ತುಂಗಭದ್ರೆ. ಅದೇ ತುಂಗಭದ್ರೆ ರಾಣೆಬೆನ್ನೂರು ತಾಲೂಕಿನ ಅಂಚಿಗೆ ಹರಿದು ಮುಂದೆ ಅಲ್ಲಿಗೆ ಹೋಗುತ್ತೆ. ಟಿವಿಯಲ್ಲಿ ಕಂಡಿದ್ದು ಗುಜರಾತಿನ ಉಮರ್‌ಗಾಂವದ ಸ್ಟುಡಿಯೋ. "ಇದೆಲ್ಲಿ ಕಿಷ್ಕಿಂಧೆಲೇ? ಒಂದ್ ಬಂಡಿ ಇಲ್ಲ, ಹೊಳಿ ಇಲ್ಲ" ಅಂತ ಕಾಕಾ ಎದ್ದೇ ಹೋದ.

'ಮಹಾಭಾರತ' ಬಂದಿದ್ದು 1988ರ ಅಕ್ಟೋಬರ್ 2ಕ್ಕೆ, 94 ಕಂತು. ನಮ್ಮ ಕಡೆ ಭಾರತ ಅಂದ್ರೆ ಕುಮಾರವ್ಯಾಸ. ಅವನೂರು ಕೋಳಿವಾಡ ದೂರ ಏನಲ್ಲ, ಗದಗಿನ ನಾರಣಪ್ಪ ನಮ್ಮ ಪಕ್ಕದ ಮನೆಯವನಿದ್ದಂಗೆ. ಓಣಿಯಲ್ಲಿ ಕನಿಷ್ಠ ಒಬ್ಬರಾದ್ರೂ ಹಿರಿಯರು ಭಾರತ ಓದೋರು ಇರ್ತಿದ್ರು. ದ್ಯೂತದ ಕಂತು, ದ್ರೌಪದಿಯ ಸೀರೆ ಸೆಳೆಯೋ ಕಂತು ಬಂದ ಭಾನುವಾರ ಟಿವಿ ಮುಗಿದ ಮೇಲೆ ಕಟ್ಟೆ ಮೇಲೆ ಚರ್ಚೆ. ಟಿವಿಯ ದ್ರೌಪದಿ ಅಳ್ತಾಳೆ, ನಮ್ಮ ಭಾರತದ ದ್ರೌಪದಿ ಬೈತಾಳೆ, ಅದಕ್ಕೇ ನಮ್ಮದೇ ಜೋರು ಅಂತ ತೀರ್ಮಾನ ಆಗ್ತಿತ್ತು. ರಾಹಿ ಮಾಸೂಮ್ ರಜಾ ಬರೆದ ಸಂಭಾಷಣೆ ಎಷ್ಟು ಚೆನ್ನಾಗಿದೆ ಅಂತ ನನಗೆ ತಿಳಿದದ್ದು ಎಷ್ಟೋ ವರ್ಷ ಆದ ಮೇಲೆ, ಹಿಂದಿ ಸರಿಯಾಗಿ ಬಂದ ಮೇಲೆ. ಆದ್ರೆ ಕಟ್ಟೆಯ ಆ ವಾದ ಬರೀ ಮೊಂಡುತನ ಆಗಿರಲಿಲ್ಲ. ಪರಭಾಷೆಯಲ್ಲಿ ಬಂದ ಕಥೆಯನ್ನ ನಮ್ಮ ಜನ ತಮ್ಮ ಪದ್ಯದ ಎದುರಿಗಿಟ್ಟು ತೂಗಿ ನೋಡ್ತಿದ್ರು. ತಕ್ಕಡಿ ನಮ್ಮ ಕೈಯಲ್ಲಿತ್ತು.

* * *

ನನಗೆ ಇವತ್ತಿಗೂ ಮರೆಯೋಕಾಗದ್ದು ಮಾತ್ರ 'ಮಾಲ್ಗುಡಿ ಡೇಸ್'. ಆರ್.ಕೆ. ನಾರಾಯಣ್ ಕಥೆ, ಶಂಕರ್ ನಾಗ್ ನಿರ್ದೇಶನ, ಆಗುಂಬೆಯಲ್ಲಿ ಶೂಟಿಂಗ್, ಎಲ್. ವೈದ್ಯನಾಥನ್ ಸಂಗೀತ. 1986-87ರ ಹೊತ್ತು. ಸ್ವಾಮಿಯ ಅಪ್ಪನಾಗಿ ಗಿರೀಶ್ ಕಾರ್ನಾಡ್, ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್. ಮಳೆ ನಮ್ಮದು, ಹಂಚಿನ ಮನೆ ನಮ್ಮದು, ಮುಖಗಳು ನಮ್ಮವು. ಮಾತು ಮಾತ್ರ ಹಿಂದಿ!

ಕ್ಲರ್ಕ್ ಒಬ್ಬ ಮಗಳನ್ನ ಸಿನಿಮಾಕ್ಕೆ ಕರ್ಕೊಂಡು ಹೋಗ್ತೀನಿ ಅಂತ ಮಾತು ಕೊಟ್ಟು, ಆಫೀಸಿಂದ ಬಿಡಿಸಿಕೊಂಡು ಬರೋಕಾಗದೆ ಒದ್ದಾಡೋ ಕಂತು ನೆನಪಿದೆಯಾ? ರಾಜೀನಾಮೆ ಕೊಡೋಕೆ ಹೋದವನಿಗೆ ಐದು ರೂಪಾಯಿ ಸಂಬಳ ಜಾಸ್ತಿ ಅಂತ ಗೊತ್ತಾಗುತ್ತೆ. ಮನೆಗೆ ಬರೋ ಹೊತ್ತಿಗೆ ಹುಡುಗಿ ಉಡುಪು ಕೂಡ ಬದಲಿಸದೆ ಮಲಗಿಬಿಟ್ಟಿರುತ್ತೆ. ಆ ಕ್ಲರ್ಕ್ ಪಾತ್ರದಲ್ಲಿ ವಿಷ್ಣುವರ್ಧನ್. ಥಿಯೇಟರಿನಲ್ಲಿ ಶಿಳ್ಳೆ ಹೊಡೆದು ನೋಡಿದ ನಮ್ಮ ವಿಷ್ಣು, ಬಗ್ಗಿದ ಬೆನ್ನಿನ ಗುಮಾಸ್ತನಾಗಿ, ಹಿಂದಿ ಮಾತಾಡ್ಕೊಂಡು. ಅವ್ವ ಅವತ್ತು ಕೇಳಿದ ಪ್ರಶ್ನೆ ಬೇರೆ ಥರ ಇತ್ತು. "ಇಂವ ನಮ್ಮಾವ ಅಲ್ಲೇನೋ? ನಮ್ಮ ಜೋಡಿ ಯಾಕ ಹಿಂದಿ ಮಾತಾಡ್ತಾನ?"

ಇದಕ್ಕೆ ಉತ್ತರ ನನ್ನ ಹತ್ರ ಇರಲಿಲ್ಲ. ಉತ್ತರ ಇತ್ತು ಆದ್ರೆ ಅದು ನಮ್ಮೂರಿಗಿಂತ ದೊಡ್ಡದಿತ್ತು. ಧಾರಾವಾಹಿ ದೆಹಲಿಯ ರಾಷ್ಟ್ರೀಯ ಜಾಲಕ್ಕೆ ಮಾಡಿದ್ದು. ಇನ್ನು ಬೇರೆ ಭಾಷೆಯದ್ದನ್ನ ಕನ್ನಡಕ್ಕೆ ಡಬ್ ಮಾಡೋದಕ್ಕೆ ಅರವತ್ತರ ದಶಕದ ಚಳವಳಿಯಿಂದಲೂ ನಮ್ಮ ಚಿತ್ರರಂಗದ ವಿರೋಧ ಇತ್ತು. ಆ ವಿರೋಧಕ್ಕೆ ಕಾರಣ ಇರಲಿಲ್ಲ ಅಂತಲ್ಲ. ಆಗ ಕನ್ನಡದಲ್ಲಿ ತಯಾರಾಗ್ತಿದ್ದ ಸಿನಿಮಾಗಳೇ ಕಡಿಮೆ, ಕಲಾವಿದರಿಗೆ, ತಂತ್ರಜ್ಞರಿಗೆ ಅನ್ನ ಸಿಗಬೇಕಿತ್ತು, ಸಿಕ್ಕಿತು ಕೂಡ. ಆದ್ರೆ ಆ ತಡೆ ಟಿವಿಗೂ ಹಬ್ಬಿಕೊಂಡು ನಮ್ಮ ಅವ್ವನಂಥವರ ಪ್ರಶ್ನೆ ಮೂವತ್ತು ವರ್ಷ ಹಾಗೇ ಉಳೀತು. 2012ರಲ್ಲಿ ಆಮೀರ್ ಖಾನ್‌ನ 'ಸತ್ಯಮೇವ ಜಯತೆ' ತಮಿಳು, ತೆಲುಗು, ಮಲಯಾಳಂನಲ್ಲೆಲ್ಲಾ ಬಂದ್ರೂ ಕನ್ನಡ ಚಾನೆಲ್‌ನಲ್ಲಿ ಬರಲಿಲ್ಲ. 2015ರಲ್ಲಿ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯೋದು ತಪ್ಪು ಅಂತ ಆದೇಶ ಮಾಡಿತು. ಕೊನೆಗೆ 2020ರ ಲಾಕ್‌ಡೌನ್‌ನಲ್ಲಿ, ಹೊಸ ಶೂಟಿಂಗ್ ಎಲ್ಲಾ ನಿಂತು ಚಾನೆಲ್‌ಗಳಿಗೆ ಹಾಕೋಕೆ ಏನೂ ಇಲ್ಲದಾಗ, ಜೀ ಕನ್ನಡದಲ್ಲಿ 'ಮಾಲ್ಗುಡಿ ಡೇಸ್' ಕನ್ನಡದಲ್ಲಿ ಬಂತು. ಶಂಕರ್ ನಾಗ್ ತೀರಿಕೊಂಡು ಮೂವತ್ತು ವರ್ಷ, ವಿಷ್ಣು ಹೋಗಿ ಹತ್ತು ವರ್ಷ, ಕಾರ್ನಾಡ್ ಹೋಗಿ ಒಂದು ವರ್ಷ ಆಗಿತ್ತು. ಸ್ವಾಮಿ ಕನ್ನಡ ಮಾತಾಡಿದ್ದನ್ನ ಕೇಳಿ ನನಗೆ ಖುಷಿಗಿಂತ ಹೆಚ್ಚಾಗಿ ಹೊಟ್ಟೆಯಲ್ಲಿ ಸಂಕಟ ಆಯ್ತು. ಕೇಳಬೇಕಾದವರು ಮನೆಯಲ್ಲಿ ಇರಲಿಲ್ಲ.

* * *

ಇತಿಹಾಸದ ಧಾರಾವಾಹಿಗಳ ಕಥೆ ಇನ್ನೊಂದು. ಶ್ಯಾಮ್ ಬೆನಗಲ್ ಅವರ 'ಭಾರತ್ ಏಕ್ ಖೋಜ್' 1988ರಲ್ಲಿ ಶುರುವಾಯ್ತು, 53 ಕಂತು. ಅದರಲ್ಲಿ ವಿಜಯನಗರವೂ ಬಂತು, ಟಿಪ್ಪುವೂ ಬಂದ. ಅಲ್ಲಿ ಟಿಪ್ಪು ಆಗಿದ್ದು ಸಲೀಮ್ ಘೌಸ್. 1990ರಲ್ಲಿ ಸಂಜಯ್ ಖಾನ್ ಅವರ 'ದಿ ಸ್ವೋರ್ಡ್ ಆಫ್ ಟಿಪು ಸುಲ್ತಾನ್' ಬಂತು. ಅದರ ಶೂಟಿಂಗ್ ವೇಳೆ 1989ರ ಫೆಬ್ರವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಬೆಂಕಿ ಬಿದ್ದು 60ಕ್ಕೂ ಹೆಚ್ಚು ಜನ ಸತ್ತಿದ್ದು ನಿಮಗೆ ನೆನಪಿರಬಹುದು. ಇದು ಭಗವಾನ್ ಗಿಡ್ವಾನಿಯ ಕಾದಂಬರಿ ಆಧಾರಿತ ಅನ್ನೋ ಸೂಚನೆಯ ಜೊತೆಗೇ ಪ್ರಸಾರ ಆಗ್ತಿತ್ತು. ಆ ಸೂಚನೆ ನಮ್ಮ ಕಡೆ ಯಾರಿಗೂ ಬೇಕಾಗಿರಲಿಲ್ಲ. ಅದು ಯಾವ ಭಾಷೆಯಲ್ಲಿದ್ರೂ ಅಷ್ಟೇ ಬಿಡಿ.

ಎರಡರಲ್ಲಿ ನನ್ನ ಮೆಚ್ಚುಗೆ ಬೆನಗಲ್‌ಗೇ. ಆದ್ರೆ ಕಟ್ಟೆಯ ಮೇಲೆ ಗೆದ್ದಿದ್ದು ಸಂಜಯ್ ಖಾನ್. ಕುದುರೆ, ಕತ್ತಿ, ಗಡದ್ದು ಮಾತು, ದೊಡ್ಡಾಟ ನೋಡಿದವರಿಗೆ ಇದಕ್ಕಿಂತ ಇನ್ನೇನು ಬೇಕು. ನಮ್ಮ ಮಟ್ಟಿಗೆ ಈ ಧಾರಾವಾಹಿ ಎಬ್ಬಿಸಿದ ಮಾತು ಸವಣೂರಿನದು. ಸವಣೂರು ಹಾವೇರಿಯಿಂದ ಅರ್ಧ-ಮುಕ್ಕಾಲು ತಾಸಿನ ದಾರಿ. ಅಲ್ಲಿನ ನವಾಬರ ಮನೆಗೂ ಹೈದರಾಲಿ ಮನೆಗೂ ಕೊಟ್ಟು ತಂದ ಸಂಬಂಧ. ಹೈದರನ ಮಗಳು ಸವಣೂರಿಗೆ ಬಂದಳು, ಸವಣೂರಿನ ಮಗಳು ಹೈದರನ ಇನ್ನೊಬ್ಬ ಮಗ ಕರೀಮನಿಗೆ ಹೋದಳು. ಆಮೇಲೆ ನವಾಬ ಅಬ್ದುಲ್ ಹಕೀಂ ಖಾನ್ ಮರಾಠರ ಕಡೆ ಸೇರಿದ, 1786ರಲ್ಲಿ ಟಿಪ್ಪುವಿನ ಸೈನ್ಯ ಸವಣೂರಿಗೇ ಬಂತು, ನವಾಬ ಓಡಿದ. ಬೀಗರ ಊರಿನ ಮೇಲೆ ದಂಡೆತ್ತಿ ಬಂದ ಕಥೆ! ಟಿವಿಯಲ್ಲಿ ಟಿಪ್ಪು ಬ್ರಿಟಿಷರ ಜೊತೆ ಹೋರಾಡ್ತಿದ್ರೆ ನಮ್ಮ ಕಟ್ಟೆ ಮೇಲೆ ಹಿರಿಯರು ಸವಣೂರಿನ ಲೆಕ್ಕ ತೆಗೀತಿದ್ರು. ಸವಣೂರಿನಿಂದ ವೀಳ್ಯದೆಲೆ ತರೋ ಮನುಷ್ಯ ಒಂದು ಕಥೆ ಹೇಳಿದ್ರೆ, ಶಾಲೆಯ ಮಾಸ್ತರ್ ಇನ್ನೊಂದು ಹೇಳೋರು. ಇತಿಹಾಸದಲ್ಲಿ ಒಬ್ಬನೇ ಟಿಪ್ಪು ಇಲ್ಲ, ಯಾವ ಊರಿಂದ ನಿಂತು ನೋಡ್ತೀವೋ ಆ ಊರಿನ ಟಿಪ್ಪು ಕಾಣ್ತಾನೆ ಅಂತ ನಾನು ಕಲಿತದ್ದು ಯಾವ ಪಠ್ಯಪುಸ್ತಕದಿಂದಲೂ ಅಲ್ಲ, ಭಾನುವಾರದ ಆ ಜಗಳಗಳಿಂದ.

* * *

ಕನ್ನಡ ಬಂತು, ನಿಧಾನಕ್ಕೆ ಬಂತು. ಸದಾನಂದ ಸುವರ್ಣರ 'ಗುಡ್ಡದ ಭೂತ' ನೋಡಿ ಹೆದರಿಕೊಂಡು ಮಲಗಿದ್ದೀವಿ. ಅದು ಕರಾವಳಿಯ ಕಥೆ. 1994ರಲ್ಲಿ ಉದಯ ಟಿವಿ, 2000ದ ಡಿಸೆಂಬರ್‌ನಲ್ಲಿ ಈಟಿವಿ ಕನ್ನಡ. ನಡುವೆ 1998ರಲ್ಲಿ ದೂರದರ್ಶನದಲ್ಲಿ 'ಮಾಯಾಮೃಗ'. ಟಿ.ಎನ್. ಸೀತಾರಾಂ, ಪಿ. ಶೇಷಾದ್ರಿ, ನಾಗೇಂದ್ರ ಶಾ ಸೇರಿ ಮಾಡಿದ್ದು. ಆಮೇಲೆ ಸೀತಾರಾಂ ಅವರದ್ದೇ 'ಮನ್ವಂತರ', 'ಮುಕ್ತ'. ಆಗ ನಾನು ಹಾವೇರಿಯಲ್ಲಿ ಕಾಲೇಜು ಮುಗಿಸಿದ ಹೊತ್ತು. ಮೊದಲ ಸಲ ಮನೆಯಲ್ಲಿ ಯಾರೂ ಯಾರಿಗೂ ಅರ್ಥ ಹೇಳಬೇಕಾಗಿರಲಿಲ್ಲ. ಸಿಎಸ್‌ಪಿ ವಕೀಲರು ಕೋರ್ಟಿನಲ್ಲಿ ಎದ್ದು ನಿಂತ್ರೆ ಅವ್ವ ಒಲೆ ಸಣ್ಣಗೆ ಮಾಡಿ ಬಂದು ಕೂರ್ತಿದ್ದಳು.

ಆದ್ರೂ ಒಂದು ಅಂತರ ಇತ್ತು. ಆ ಕೋರ್ಟಿನ ಕನ್ನಡ ನಮ್ಮದಲ್ಲ. ತಿಳಿಯುತ್ತೆ, ಚೆಂದ ಅನ್ನಿಸುತ್ತೆ, ಆದ್ರೆ ಹಾವೇರಿ ಕೋರ್ಟಿನ ಹೊರಗೆ ಬೇವಿನ ಮರದ ಕೆಳಗೆ ವಕೀಲರು ಹಂಗೆ ಮಾತಾಡಲ್ಲ. ನಮ್ಮ ಮಾತಿನ ಪಾತ್ರ ಧಾರಾವಾಹಿಯಲ್ಲಿ ಬಂತು ಅಂದ್ರೆ ಅದು ಅಡುಗೆಯವನೋ, ವಾಚ್‌ಮನ್ನೋ, ಬೆಂಗಳೂರಿಗೆ ಬಂದು ದಾರಿ ತಪ್ಪಿದ ಬೆಪ್ಪನೋ ಆಗಿರ್ತಿತ್ತು. "ಹೌದ್ರೀಪಾ" ಅಂದ ಕೂಡಲೇ ಹಿಂದಿನಿಂದ ನಗುವಿನ ಸೌಂಡು. ಗಂಗಾವತಿ ಪ್ರಾಣೇಶ್ ನಗಿಸಿದಾಗ ನಾವೇ ನಮ್ಮನ್ನ ನೋಡಿ ನಕ್ಕಂಗೆ ಇತ್ತು, ಅದು ಬೇರೆ. ಅವರು ಆ ಮಾತಿನ ಒಳಗಿನವರು. ಇಲ್ಲಿ ನಗ್ತಿದ್ದೋರು ಹೊರಗಿನವರು. ರಾಣೆಬೆನ್ನೂರಿನ ಕಾಕಾ ಇದನ್ನ ಬಹಳ ಸರಳವಾಗಿ ಹೇಳಿದ್ದ. "ಮೊದಲ ನಮಗ ತಿಳೀತಿರ್ಲಿಲ್ಲ, ಈಗ ಅವರಿಗೆ ನಾವು ತಿಳೀವಲ್ಲಿವಿ."

ಇದಕ್ಕೆ ಹೊರತಾಗಿ ಒಂದನ್ನ ಹೇಳಲೇಬೇಕು, ಚಂದನದ 'ಥಟ್ ಅಂತ ಹೇಳಿ'. 2002ರಲ್ಲಿ ನಾ. ಸೋಮೇಶ್ವರ ಶುರು ಮಾಡಿದ್ದು. ಗೆದ್ದವರಿಗೆ ಪುಸ್ತಕ. ಬೆಳಗಾವಿಯವರು ಬಂದು ತಮ್ಮ ಮಾತಿನಲ್ಲಿ ಉತ್ತರ ಹೇಳಿದ್ರೂ ಅಲ್ಲಿ ನಗುವಿನ ಸೌಂಡು ಇಲ್ಲ, ಪುಸ್ತಕ ಇದೆ. ನನ್ನ ಮಟ್ಟಿಗೆ ಕನ್ನಡ ಟಿವಿಯ ಅತಿ ಸಭ್ಯ ಅರ್ಧ ಗಂಟೆ ಅದು.

ನ್ಯೂಸ್ ಚಾನೆಲ್‌ಗಳು ಬಂದ ಮೇಲೆ ನಮ್ಮ ಮಾತು ಅಲ್ಲೂ ಕೇಳಿಸಿತು. ಯಾವಾಗ? 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರ ಕೇಳಿದ ರೈತರ ಮೇಲೆ ಗೋಲಿಬಾರ್ ಆದಾಗ. 2024ರ ಮಾರ್ಚ್ 11ರಂದು ಮೆಣಸಿನಕಾಯಿ ದರ ಕುಸಿದು ಬ್ಯಾಡಗಿ ಎಪಿಎಂಸಿಯಲ್ಲಿ ವಾಹನಗಳಿಗೆ ಬೆಂಕಿ ಬಿದ್ದಾಗ. ಇಡೀ ದಿನ ಅದೇ ಎರಡು ನಿಮಿಷದ ದೃಶ್ಯ ತಿರುಗಿಸಿ ತಿರುಗಿಸಿ ತೋರಿಸಿದ್ರು. ರೈತನೊಬ್ಬ ಮೈಕ್ ಮುಂದೆ ತನ್ನ ಕನ್ನಡದಲ್ಲಿ ಲೆಕ್ಕ ಹೇಳ್ತಿದ್ದ, ಕ್ವಿಂಟಲ್ಲಿಗೆ ಎಷ್ಟಿತ್ತು, ಎಷ್ಟಕ್ಕೆ ಇಳೀತು. ಪೂರ್ತಿ ಹೇಳೋದಕ್ಕೆ ಮೊದಲೇ ಸ್ಟುಡಿಯೋಗೆ ಹೋಗಿಬಿಟ್ರು. ನಗೋಕೆ ಬೇಕು, ಬೆಂಕಿ ಬಿದ್ರೆ ಬೇಕು, ನಡುವಿನ ಬಾಳುವೆ ಯಾರಿಗೂ ಬೇಡ.

* * *

ಅದಕ್ಕೇ ಹನುಮಂತ ಬಂದಾಗ ನಮ್ಮ ಕಡೆ ಅಷ್ಟು ಗದ್ದಲ ಆಗಿದ್ದು. ಸವಣೂರು ತಾಲೂಕಿನ ಚಿಲ್ಲೂರು ಬಡ್ನಿಯ ಹುಡುಗ ಹನುಮಂತ ಲಮಾಣಿ, ಕುರಿ ಕಾಯ್ಕೊಂಡಿದ್ದವನು, ಜೀ ಕನ್ನಡದ 'ಸರಿಗಮಪ'ಕ್ಕೆ ಬಂದು 2019ರಲ್ಲಿ ರನ್ನರ್ ಅಪ್ ಆದ. ಆಮೇಲೆ ಬಿಗ್ ಬಾಸ್‌ನ ಹನ್ನೊಂದನೇ ಸೀಸನ್‌ಗೆ ವೈಲ್ಡ್ ಕಾರ್ಡಿನಲ್ಲಿ ಹೋಗಿ 2025ರ ಜನವರಿ 26ಕ್ಕೆ ಗೆದ್ದೇ ಬಿಟ್ಟ. ಬಿಗ್ ಬಾಸ್ ನನಗೆ ಸೇರಲ್ಲ, ಒಂದು ಮನೆಯಲ್ಲಿ ಜನರನ್ನ ಕೂಡಿಹಾಕಿ ಜಗಳ ನೋಡೋದು ಏನು ಸುಖ ಅಂತ. ಆದ್ರೂ ಹನುಮಂತನಿಗೋಸ್ಕರ ನೋಡಿದೆ. ಅಲ್ಲಿ ಅವನ ಮಾತಿಗೆ ಬೇರೆಯವರು ನಕ್ಕರು, ಸರಿ. ಆದ್ರೆ ಅವನು ಮಾತು ಬದಲಿಸಲಿಲ್ಲ. ವಾರ ಕಳೆದಂಗೆ ಆ ನಗುವಿನ ಬಣ್ಣ ಬದಲಾಯ್ತು. ನಮ್ಮ ಮಾತಿಗೆ ನಗ್ತಿದ್ದವರು ಅವನು ಹೇಳಿದ್ದಕ್ಕೆ ನಗೋಕೆ ಶುರು ಮಾಡಿದ್ರು. ಎರಡಕ್ಕೂ ಬಹಳ ವ್ಯತ್ಯಾಸ ಇದೆ, ಅಲ್ವಾ?

ಇನ್ನೊಂದು ಮಾತು ಇಲ್ಲಿ ಸೇರಿಸಬೇಕು. ನಮ್ಮ ಕಡೆಯ ತಾಂಡಾಗಳಲ್ಲಿ ಮನೆಮಾತು ಲಂಬಾಣಿ. ಅಂದ್ರೆ "ನಮ್ಮ ಕನ್ನಡ ಟಿವಿಯಲ್ಲಿ ಬಂತು" ಅಂತ ನಾವು ಹಿಗ್ಗೋ ಹೊತ್ತಿಗೆ ಯಾವುದೋ ತಾಂಡಾದ ಮುದುಕಿ ಇವತ್ತಿಗೂ ಮೊಮ್ಮಗನನ್ನ ಏನಂದ ಅಂತ ಕೇಳ್ತಿರಬಹುದು. ಪ್ರಶ್ನೆ ಮುಗಿದಿಲ್ಲ, ಕೇಳೋರು ಬದಲಾಗಿದ್ದಾರೆ.

ಕೊನೆಗೆ ನನ್ನದೊಂದು ಆಸೆ. ಬ್ಯಾಡಗಿ ಪಕ್ಕದ ಮೋಟೆಬೆನ್ನೂರಿನ ಮೈಲಾರ ಮಹಾದೇವ 1930ರಲ್ಲಿ ಗಾಂಧೀಜಿ ಜೊತೆ ದಂಡಿಗೆ ನಡೆದ ಕರ್ನಾಟಕದ ಒಬ್ಬನೇ ಸತ್ಯಾಗ್ರಹಿ. ಆಗ ಅವನಿಗೆ 18 ವರ್ಷ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ, ಬ್ರಿಟಿಷರು ವಸೂಲಿ ಮಾಡಿಟ್ಟ ಕಂದಾಯದ ಹಣದ ಮೇಲೆ ದಾಳಿ ಮಾಡಿದಾಗ ಪೊಲೀಸರ ಗುಂಡಿಗೆ ಬಿದ್ದ. ಇನ್ನಿಬ್ಬರು ಸಂಗಾತಿಗಳೂ ಅವನ ಜೊತೆ ಹೋದರು. ಇದಕ್ಕಿಂತ ದೊಡ್ಡ ಧಾರಾವಾಹಿ ಬೇಕಾ? ಕುದುರೆ ಬೇಡ, ಸೆಟ್ ಬೇಡ, ಹೊಸರಿತ್ತಿಯ ವರದಾ ದಂಡೆ ಇದೆ, ಹೊಲ ಇದೆ. ಒಂದೇ ಶರತ್ತು. ಮಹಾದೇವ ಮೋಟೆಬೆನ್ನೂರಿನ ಕನ್ನಡ ಮಾತಾಡಬೇಕು. ಅವನ ಹೆಂಡತಿ, ಸಂಗಾತಿಗಳು, ಊರಿನ ಗೌಡ್ರು, ಮಾಸ್ತರು, ಎಲ್ಲಾ. ನಗಿಸೋಕಲ್ಲ, ಬದುಕೋಕೆ, ಸಾಯೋಕೆ, ವಾದ ಮಾಡೋಕೆ. ಬೆಂಗಳೂರಿನ ಯಾವುದೋ ಮನೆಯಲ್ಲಿ ಕೂತವರಿಗೆ ಒಂದೊಂದು ಮಾತು ತಿಳಿಯದೆ ಹೋಗಬಹುದು. ಹೋಗಲಿ. ಪಕ್ಕದಲ್ಲಿ ಯಾರಾದ್ರೂ ನಮ್ಮ ಕಡೆಯವರು ಇದ್ದೇ ಇರ್ತಾರೆ, ಕೇಳಿದ್ರೆ ಹೇಳ್ತಾರೆ. ನಾವು ಇಷ್ಟು ವರ್ಷ ಮಾಡಿದ್ದು ಅದನ್ನೇ ಅಲ್ವಾ.

ನಿಮ್ಮೂರಲ್ಲಿ ಟಿವಿ ಮೊದಲು ಯಾವ ಭಾಷೆ ಮಾತಾಡ್ತು? ಮನೆಯಲ್ಲಿ ಅರ್ಥ ಹೇಳ್ತಿದ್ದವರು ಯಾರು? ಬೀದರ್‌ನವರು, ಕಾಸರಗೋಡಿನವರು, ಕೊಡಗಿನವರು ಯಾರಾದ್ರೂ ಇದ್ರೆ ತಪ್ಪದೆ ಬರೀರಿ. ಈ ಇತಿಹಾಸ ಯಾವ ಚಾನೆಲ್‌ನ ಕಪಾಟಿನಲ್ಲೂ ಇಲ್ಲ, ನಮ್ಮ ನಿಮ್ಮ ಮನೆಯ ಪಡಸಾಲೆಯಲ್ಲಿದೆ.